ಬಿಲ್ಲಿನ ಹೆದೆಯಲ್ಲಿ ‘ಎಳೆ’ ಎಂದರೆ ಯಾವುದು?

ಕೊಪ್ಪಳದಲ್ಲಿ ಮರದ ಬಿಲ್ಲು ಕಲಿಯುತ್ತಿರುವ ಹುಡುಗರಿಗಾಗಿ ಹೆದೆ ಕಟ್ಟುವ ಬಗ್ಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ‘ಎಳೆ’ ಎಂಬ ಪದದ ಬಳಿ ಬರವಣಿಗೆ ನಿಂತಿದೆ.

‘40 ಪೌಂಡ್ ಎಳೆತದ ಬಿಲ್ಲಿಗೆ ಡೇಕ್ರಾನ್ ದಾರವಾದರೆ 12 ಎಳೆ’ ಎಂದು ಬರೆದೆ. (ಡೇಕ್ರಾನ್ ಎಂದರೆ ಒಂದು ಬಗೆಯ ಪಾಲಿಯೆಸ್ಟರ್ ದಾರ.) ಎಳೆತ, ಎಳೆ ಅಕ್ಕಪಕ್ಕ ಬಂದದ್ದು ಸಣ್ಣ ತೊಡಕು. ಮೊದಲನೆಯದನ್ನು, ಅಂದರೆ ಹೆದೆಯನ್ನು ಎಳೆಯಲು ಬೇಕಾದ ಬಲವನ್ನು, ‘ಸೆಳೆತ’ ಎಂದರೆ ಮುಗಿಯಿತು. ದೊಡ್ಡ ತೊಡಕು ಎಣಿಕೆಯದು. ನಮ್ಮ ಕಡೆ ಪುಂಡಿ ನಾರಿನ ಹಗ್ಗವನ್ನು ಮೂರೆಳೆಯದು ಎನ್ನುವಾಗ ಬಿಡಿ ನಾರುಗಳನ್ನು ಯಾರೂ ಎಣಿಸುವುದಿಲ್ಲ, ತಿರುಚಿದ ಕಟ್ಟುಗಳನ್ನು ಎಣಿಸುತ್ತಾರೆ. ಹೊಸೆದ ಹೆದೆಯಲ್ಲಿಯೂ ಆರಾರು ದಾರಗಳ ಎರಡು ಕಟ್ಟು ಮಾಡಿ, ಒಂದೊಂದನ್ನೂ ಬಲಕ್ಕೆ ತಿರುಚಿ, ಎರಡನ್ನೂ ಸೇರಿಸಿ ಎಡಕ್ಕೆ ಹೊಸೆಯುತ್ತೇವೆ. ಹಗ್ಗದವರಿಗೆ ಅದು ಎರಡೆಳೆ, ಬಿಲ್ಲಿನವರಿಗೆ 12 ಎಳೆ. ಎರಡು ಗೂಟಗಳ ನಡುವೆ ಒಂದೇ ದಾರವನ್ನು ಸುತ್ತಿ ಮಾಡುವ ಹೆದೆಗಾದರೆ ಆರು ಸುತ್ತಿಗೇ 12 ಎಳೆ. ಎಳೆಯೆಂದರೆ ಸುತ್ತು ಎಂದು ತಿಳಿದವನ ಹೆದೆ 24 ಎಳೆಯಾಗಿ, ಅಂಬಿನ ಹಿಂತುದಿಯ ಸೀಳಿನಲ್ಲಿ ಕೂರುವುದೇ ಇಲ್ಲ. ತೀರ ತೆಳುವಾದರೆ ಅಂಬು ಕಳಚಿ ಬರಿಯ ಹೆದೆ ಹೊಡೆಯುತ್ತದೆ. ಮರದ ಬಿಲ್ಲು ಸೀಳಲು ಅಷ್ಟು ಸಾಕು.

ಬಲವನ್ನಷ್ಟೇ ನೋಡಿದರೆ ನಾಲ್ಕೈದು ಎಳೆಯೇ ಸಾಕಾಗುತ್ತಿತ್ತು, ಏಕೆಂದರೆ ಡೇಕ್ರಾನಿನ ಒಂದು ಎಳೆ ಸುಮಾರು 50 ಪೌಂಡ್ ತಾಳುತ್ತದೆ. ಹೆದೆ ಅತಿಯಾಗಿ ಹಿಗ್ಗದಿರಲಿ, ಸೀಳಿನಲ್ಲಿ ಹದವಾಗಿ ಕೂರಲಿ ಎಂದು 12 ಹಾಕುತ್ತೇವೆ. ಆ ದಾರ ಸ್ವಲ್ಪ ಹಿಗ್ಗುವುದರಿಂದಲೇ ಬಿಲ್ಲಿನ ತುದಿಗಳು ಉಳಿಯುತ್ತವೆ. ಹಿಗ್ಗದ ಡೈನೀಮಾ ದಾರವನ್ನು, ತುದಿ ಬಲಪಡಿಸದ ಹಳೆಯ ಬಿಲ್ಲಿಗೆ ಕಟ್ಟಲೇಬಾರದು.

ಬಿಡಿ ದಾರಕ್ಕೆ ‘ಎಳೆ’, ತಿರುಚಿದ ಕಟ್ಟಿಗೆ ‘ಹುರಿ’ ಎಂದು ಇಟ್ಟುಕೊಳ್ಳಬಹುದೇ? ‘12 ಎಳೆ, ಎರಡು ಹುರಿ’ ಎಂದರೆ ನನಗೆ ಸ್ಪಷ್ಟವಾಗಿದೆ. ಆದರೆ ಹೊಸೆದು ಮುಗಿಸಿದ ದಾರಕ್ಕೂ ಹುರಿ ಎನ್ನುವವರಿದ್ದಾರೆ. ‘ನುಲಿ’ಯ ಮೇಲೂ ಮನಸ್ಸಿದೆ, ಹಗ್ಗ ಹೊಸೆಯುತ್ತಿದ್ದ ಶರಣ ನುಲಿಯ ಚಂದಯ್ಯನ ಹೆಸರಿನಲ್ಲಿ ಉಳಿದಿರುವ ಪದ ಅದು. ಹೆದೆಯ ಕುಣಿಕೆ ಕೂರುವ ಬಿಲ್ಲಿನ ತುದಿಗೆ ‘ಕೊಪ್ಪು’ ಎಂಬ ಹಳೆಯ ಪದ ಸಿಕ್ಕಿತು, ಸಂತೋಷದಿಂದ ಬಳಸಿದ್ದೇನೆ. ಹೆದೆಗಿರುವ ಸಂಸ್ಕೃತ ಪದ ‘ಮೌರ್ವಿ’ಯನ್ನು ಬಿಟ್ಟಿದ್ದೇನೆ: ಅದು ಮೂರ್ವಾ ಗಿಡದ ನಾರಿನಿಂದ ಬಂದ ಹೆಸರು, ಪಾಲಿಯೆಸ್ಟರ್ ಹೆದೆಗೆ ಒಪ್ಪದು.

ಇನ್ನೊಂದು ಉಳಿದಿದೆ. ಬೆರಳು ಮತ್ತು ಅಂಬು ತಾಗುವಲ್ಲಿ ಹೆದೆ ಸವೆಯದಂತೆ ಅದರ ಮೇಲೆ ಒತ್ತಾಗಿ ಸುತ್ತುವ ದಾರಕ್ಕೆ ಏನೆನ್ನಬೇಕು? ‘ಸುತ್ತು’ ಎಂದರೆ ಗೂಟದ ಗೊಂದಲ ಮತ್ತೆ ಬರುತ್ತದೆ. ‘ಕಾಪುದಾರ’ ನಾನೇ ಕಟ್ಟಿದ ಪದ, ಗಟ್ಟಿಯಾಗಿ ನಿಲ್ಲುತ್ತಿಲ್ಲ. ರಾಯಚೂರು, ಬಳ್ಳಾರಿ ಕಡೆಯ ಹಗ್ಗ ಹೊಸೆಯುವವರು, ನೇಕಾರರು ಬಿಡಿ ದಾರ, ತಿರುಚಿದ ಕಟ್ಟು, ಮೇಲೆ ಸುತ್ತುವ ದಾರ ಈ ಮೂರಕ್ಕೂ ಬಳಸುವ ಪದಗಳು ಗೊತ್ತಿದ್ದರೆ ದಯವಿಟ್ಟು ಊರಿನ ಹೆಸರಿನೊಂದಿಗೆ ತಿಳಿಸಿ.