ಲಾರಿಯ ಕೂಲೆಂಟ್ ಎಲ್ಲಿಗೆ ಹೋಗ್ತಾ ಉಂಟು? ಕೆಳಗೆ ಒಂದು ತೊಟ್ಟೂ ಬೀಳುವುದಿಲ್ಲ

ಪಣಂಬೂರು ಲೋಡ್:
ನನ್ನದು 12 ಚಕ್ರದ ಗಾಡಿ, 2018ರ ಮಾಡೆಲ್, ಬಿಎಸ್4. ಹೊಗೆ ಶುದ್ಧ ಮಾಡುವ ಯೂರಿಯಾ ಟ್ಯಾಂಕ್ ಉಂಟು, ಇಜಿಆರ್ (ಹೊಗೆಯ ಒಂದು ಪಾಲನ್ನು ಇಂಜಿನಿಗೇ ವಾಪಸ್ ಕಳಿಸುವ ವ್ಯವಸ್ಥೆ) ಇಲ್ಲ. ನಾಲ್ಕೂಕಾಲು ಲಕ್ಷ ಕಿಲೋಮೀಟರ್ ಓಡಿದೆ. ಪಣಂಬೂರಿನಿಂದ ಗೊಬ್ಬರ ತುಂಬಿ ಶಿರಾಡಿ ಘಾಟಿ ಹತ್ತಿ ಹಾಸನಕ್ಕೆ, ಬರುವಾಗ ಮೆಕ್ಕೆಜೋಳ. ಎರಡು ತಿಂಗಳಿಂದ ಟ್ರಿಪ್ಪಿಗೆ ಎರಡು ಲೀಟರ್ ಹತ್ತಿರ ಇಂಜಿನ್ ತಣಿಸುವ ಕೂಲೆಂಟ್ ಕಾಣೆಯಾಗ್ತಿದೆ. ಹೋಸ್ ಎಲ್ಲ ನೋಡಿದೆ, ಕ್ಲಿಪ್ ಬಿಗಿ ಮಾಡಿದೆ. ವಾಟರ್ ಪಂಪ್ ಕೆಳಗೂ ಒಣಗಿಯೇ ಉಂಟು. ರಾತ್ರಿ ರೇಡಿಯೇಟರ್ ಅಡಿಗೆ ರಟ್ಟು ಹಾಸಿ ಇಟ್ಟೆ, ಬೆಳಿಗ್ಗೆ ರಟ್ಟಿನಲ್ಲಿ ಒಂದು ಕಲೆಯೂ ಇಲ್ಲ. ಬಿಳಿ ಹೊಗೆ ಇಲ್ಲ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಹಾಕಿದ ಚಹಾದ ಹಾಗೆ ಆಗಿಲ್ಲ.

ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ಎರಡು ನಿಮಿಷ ನೋಡಿ "ಹೆಡ್ ಗ್ಯಾಸ್ಕೆಟ್, ಹೆಡ್ ಇಳಿಸಬೇಕು" ಅಂದರು, ಅಂದರೆ ಇಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಪ್ಯಾಕಿಂಗ್ ಹೋಗಿದೆ ಅಂತ. ಗಾಡಿ ಒಂದು ವಾರ ನಿಂತರೆ ಕಂತು ಕಟ್ಟುವವರು ಯಾರು ಮಾರಾಯ್ರೆ? ಇಳಿಸುವ ಮೊದಲು ಬೇರೆ ಎಂತ ನೋಡಬಹುದು?

ಟಾರ್ಪಾಲು:
ಕೂಲೆಂಟ್ ಟ್ಯಾಂಕಿನ ಕ್ಯಾಪ್ ಬದಲಾಯಿಸಿ ಅಣ್ಣ. ನನ್ನ ಗಾಡಿಯಲ್ಲಿ ಅದೇ ಆಗಿತ್ತು. ಕ್ಯಾಪಿನ ಸ್ಪ್ರಿಂಗ್ ಸೋತರೆ ಪ್ರೆಶರ್ ನಿಲ್ಲುವುದಿಲ್ಲ, ನೀರು ಬೇಗ ಕುದಿದು ಓವರ್‌ಫ್ಲೋದಲ್ಲಿ ಹೋಗುತ್ತದೆ.

ಪಣಂಬೂರು ಲೋಡ್:
ಕ್ಯಾಪ್ ಕಳೆದ ತಿಂಗಳೇ ಹೊಸದು ಹಾಕಿದ್ದೇನೆ. ಏನೂ ವ್ಯತ್ಯಾಸ ಇಲ್ಲ.

ಹಳೇ ಸ್ಪ್ಯಾನರ್:
ಎಲ್ಲ ಬರೆದಿರಿ, ಮುಖ್ಯವಾದದ್ದು ಬರೆಯಲಿಲ್ಲ. ಯಾವಾಗ ಕಡಿಮೆ ಆಗ್ತದೆ? ಹತ್ತುವಾಗಲೋ ಇಳಿಯುವಾಗಲೋ? ಎಕ್ಸ್‌ಪ್ಯಾನ್ಶನ್ ಟ್ಯಾಂಕಿನ (ಕೂಲೆಂಟ್ ತುಂಬುವ ಡಬ್ಬಿಯ) ಹೊರಗೆ ಪೇಂಟ್‌ನಲ್ಲಿ ಗೆರೆ ಹಾಕಿ. ಘಾಟಿ ಬುಡದ ಗುಂಡ್ಯದಲ್ಲಿ ಒಮ್ಮೆ, ಮೇಲೆ ಸಕಲೇಶಪುರದಲ್ಲಿ ಒಮ್ಮೆ, ಬರುವಾಗಲೂ ಅದೇ ಎರಡು ಕಡೆ ಗಾಡಿ ನಿಲ್ಲಿಸಿ ಊಟ ಚಹಾ ಎಲ್ಲ ಮುಗಿಸಿ, ಇಂಜಿನ್ ಚೆನ್ನಾಗಿ ತಣಿದ ಮೇಲೆ ನೋಡಿ. ಬಿಸಿ ಇದ್ದಾಗ ನೀರು ಹಿಗ್ಗಿ ಮೇಲೆ ಕಾಣುತ್ತದೆ, ಆ ಲೆಕ್ಕ ಸುಳ್ಳು. ಕ್ಯಾಪ್ ಮುಟ್ಟಬೇಡಿ, ಹೊರಗಿನಿಂದಲೇ ಕಾಣುತ್ತದೆ. ಹಾಗೇ ಓವರ್‌ಫ್ಲೋ ಪೈಪಿನ ತುದಿಯಲ್ಲಿ ಕೂಲೆಂಟ್ ಒಣಗಿದ ಕಲೆ ಉಂಟಾ ನೋಡಿ.

ಪಣಂಬೂರು ಲೋಡ್:
ನಾಲ್ಕು ದಿನ ಆಯ್ತು, ಟ್ರಿಪ್ ಮುಗಿಸಿ ಬಂದೆ. ಹೋಗುವಾಗ ಪೂರ್ತಿ ಲೋಡ್, ಒಂದನೇ ಎರಡನೇ ಗೇರ್‌ನಲ್ಲೇ ಹತ್ತಿದ್ದು, ಸಕಲೇಶಪುರದಲ್ಲಿ ನೀರು ಗೆರೆಗಿಂತ ಒಂದು ಬೆರಳಷ್ಟೂ ಇಳಿದಿರಲಿಲ್ಲ. ಬರುವಾಗ ಘಾಟಿ ಇಳಿದು ಗುಂಡ್ಯದಲ್ಲಿ ನೋಡಿದರೆ ಮೂರು ಬೆರಳು ಕೆಳಗೆ. ಪೈಪಿನ ತುದಿಯಲ್ಲಿ ಹಸಿರು ಕಲೆಯೂ ಉಂಟು, ಚಾಸಿಗೆ ಅಂಟಿಕೊಂಡಿದೆ. ಇದು ಉಲ್ಟಾ ಅಲ್ವಾ? ಹತ್ತುವಾಗ ತಾನೇ ಇಂಜಿನಿಗೆ ಕಷ್ಟ?

ಹಳೇ ಸ್ಪ್ಯಾನರ್:
ಅದಕ್ಕೇ ಕೇಳಿದ್ದು. ಹೆಡ್ ಗ್ಯಾಸ್ಕೆಟ್ ಸೋರಿದ್ದರೆ ಲೋಡ್ ಎಳೆಯುವಾಗ ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗಿ, ಹತ್ತುವಾಗಲೇ ಜಾಸ್ತಿ ಹೊರಗೆ ತಳ್ಳಬೇಕಿತ್ತು. ಇಳಿಯುವಾಗ ಜಾಸ್ತಿ ಕೆಲಸ ಯಾರಿಗೆ? ಬ್ರೇಕಿಗೆ. ಬ್ರೇಕ್ ತುಳಿದಷ್ಟೂ ಗಾಳಿ ಖರ್ಚು, ಗಾಳಿ ಕಡಿಮೆ ಆದಷ್ಟೂ ಏರ್ ಕಂಪ್ರೆಸರ್ ತುಂಬಿಸುತ್ತಾ ಇರಬೇಕು. ನಿಮ್ಮ ಕಂಪ್ರೆಸರಿನ ಹೆಡ್ಡನ್ನು ತಣ್ಣಗೆ ಇಡುವುದೂ ಇಂಜಿನ್ ನೀರೇ. ಅಲ್ಲಿ ಗ್ಯಾಸ್ಕೆಟ್ ಹೋದರೆ ಅಥವಾ ಹೆಡ್ ಬಿರುಕು ಬಿಟ್ಟರೆ ಗಾಳಿ ನೇರ ಕೂಲೆಂಟಿಗೆ ಹೋಗಿ ನೀರನ್ನು ಓವರ್‌ಫ್ಲೋಗೆ ತಳ್ಳುತ್ತದೆ. ನೀರು ಬಿದ್ದದ್ದು ಓಡುವಾಗ, ಹಾಗಾಗಿ ನಿಮ್ಮ ರಟ್ಟಿಗೆ ಸಿಗಲಿಲ್ಲ.

ಸುಮ್ನೆ ನಂಬಬೇಡಿ, ನೋಡಿಯೇ ತಿಳಿಯಿರಿ. ಬೆಳಿಗ್ಗೆ ಇಂಜಿನ್ ತಣ್ಣಗೆ ಇರುವಾಗ ಚಕ್ರಕ್ಕೆ ಕಲ್ಲು ಕೊಡಿ, ಏರ್ ಟ್ಯಾಂಕಿನ ಗಾಳಿ ಎಲ್ಲ ಬಿಟ್ಟುಬಿಡಿ. ಎಕ್ಸ್‌ಪ್ಯಾನ್ಶನ್ ಟ್ಯಾಂಕಿನ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ಕ್ಲೀನರ್ ಕೂತು ಗಾಳಿ ಮೀಟರ್ ನೋಡಲಿ, ನೀವು ಟಾರ್ಚ್ ಹಿಡಿದು ನೀರು ನೋಡಿ. ಮೀಟರ್ ಏರುವಾಗ ಗುಳ್ಳೆ ಬಂದು, ಗಾಳಿ ತುಂಬಿ "ಪುಸ್" ಅಂದ ಕೂಡಲೇ ಗುಳ್ಳೆ ನಿಂತರೆ ಕಂಪ್ರೆಸರ್. ನಾಲ್ಕೈದು ಸಲ ಬ್ರೇಕ್ ತುಳಿದು ಗಾಳಿ ಇಳಿಸಿ, ಮತ್ತೆ ಗುಳ್ಳೆ ಬರಬೇಕು. ಗಾಳಿಗೂ ಗುಳ್ಳೆಗೂ ಸಂಬಂಧವೇ ಇಲ್ಲದೆ ಒಂದೇ ಸಮ ಬರ್ತಾ ಇದ್ದರೆ ಮಾತ್ರ ಇಂಜಿನ್ ಹೆಡ್ ಕಡೆ ಹೋಗಿ.

ಏರ್ ಟ್ಯಾಂಕಿನಿಂದ ನೀರು ಬಂದರೆ ಅದೊಂದೇ ಸಾಕ್ಷಿ ಅಂತ ಹಿಡಿಯಬೇಡಿ. ನಮ್ಮ ಕರಾವಳಿ ಹವೆಯಲ್ಲಿ ಒಳ್ಳೆ ಗಾಡಿಯ ಟ್ಯಾಂಕಿನಲ್ಲೂ ನೀರು ಕೂರುತ್ತದೆ. ಹಸಿರು ಬಣ್ಣ ಉಂಟಾ ನೋಡಿ. ರುಚಿ ನೋಡುವವರನ್ನೂ ಕಂಡಿದ್ದೇನೆ, ಅದು ವಿಷ.

ಘಾಟಿ ಕೆಳಗೆ:
ಗುಳ್ಳೆಯೇ ಬರದೆ ನೀರು ಕಡಿಮೆ ಆಗುವವರಿಗೂ ಒಂದು ಮಾತು. ಇಜಿಆರ್ ಇರುವ ಗಾಡಿಯಾದರೆ ಅದರ ಕೂಲರ್ ನೋಡಿ, ಒಳಗೇ ಸೋರಿ ಸೈಲೆನ್ಸರಿನಲ್ಲಿ ಆವಿಯಾಗಿ ಹೋಗ್ತದೆ. ಲೈನರ್ (ಪಿಸ್ಟನ್ ಓಡುವ ಕೊಳವೆ) ಒ-ರಿಂಗ್ ಹೋದರೆ ನೀರು ಇಂಜಿನ್ ಅಡಿಯ ಆಯಿಲ್ ಚೇಂಬರಿಗೆ ಇಳಿಯುತ್ತದೆ. ರಾತ್ರಿಯಿಡೀ ಗಾಡಿ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಚೇಂಬರ್ ಡ್ರೈನ್ ಬೋಲ್ಟನ್ನು ಸ್ವಲ್ಪವೇ ಸಡಿಲ ಮಾಡಿ, ನೀರು ಅಡಿಯಲ್ಲಿ ಕೂತಿದ್ದರೆ ಆಯಿಲ್‌ಗಿಂತ ಮೊದಲು ಅದೇ ಬರ್ತದೆ.

ಪಣಂಬೂರು ಲೋಡ್:
ಹಳೇ ಸ್ಪ್ಯಾನರ್ ಅಣ್ಣಾ, ಹೇಳಿದ ಹಾಗೆಯೇ ಆಯ್ತು. ಮೀಟರ್ ಏರುವಷ್ಟು ಹೊತ್ತು ಅನ್ನ ಕುದಿಯುವ ಹಾಗೆ ಗುಳ್ಳೆ, ಪುಸ್ ಅಂದದ್ದೇ ನೀರು ಕೆರೆಯ ಹಾಗೆ ನಿಂತಿತು. ಮೂರು ಸಲ ಮಾಡಿ ನೋಡಿದೆ. ಕಂಪ್ರೆಸರ್ ಹೆಡ್ ಬಿಚ್ಚಿದಾಗ ಎರಡು ವಾಲ್ವಿನ ನಡುವೆ ಕೂದಲೆಳೆಯಷ್ಟು ಬಿರುಕು. ಹೆಡ್ ಹೊಸದು ಹಾಕಿ ಅರ್ಧ ದಿನದಲ್ಲಿ ಗಾಡಿ ಹೊರಟಿತು. ನಿನ್ನೆ ಘಾಟಿ ಇಳಿದು ಬಂದೆ, ನೀರು ಗೆರೆಯಲ್ಲೇ ಉಂಟು.

ಹಳೇ ಸ್ಪ್ಯಾನರ್:
ಒಳ್ಳೇದಾಯ್ತು. ಎರಡು ತಿಂಗಳು ಟಾಪ್‌ಅಪ್ ಮಾಡಿದ್ದು ಎಂತದರಲ್ಲಿ?

ಪಣಂಬೂರು ಲೋಡ್:
ಉಪ್ಪಿನಂಗಡಿಯಲ್ಲಿ ಹೋಟೆಲಿನ ಬೋರ್‌ವೆಲ್ ನೀರು...

ಹಳೇ ಸ್ಪ್ಯಾನರ್:
ಹಾಗಾದರೆ ಈಗ ಒಳಗೆ ಇರುವುದು ಹೆಚ್ಚುಕಡಿಮೆ ಬರೀ ನೀರು. ಲೈನರ್ ಹೊರಮೈಯಲ್ಲಿ ಸಣ್ಣ ಗುಳ್ಳೆ ಒಡೆದೊಡೆದು ಕಬ್ಬಿಣ ತಿನ್ನುತ್ತವೆ, ಅದನ್ನು ತಡೆಯುವ ಮದ್ದು ಕೂಲೆಂಟಿನಲ್ಲಿ ಉಂಟು, ಬೋರ್‌ವೆಲ್ ನೀರಿನಲ್ಲಿ ಇಲ್ಲ. ಪೂರ್ತಿ ಖಾಲಿ ಮಾಡಿ ತೊಳೆದು, ಗಾಡಿಯ ಪುಸ್ತಕದಲ್ಲಿ ಹೇಳಿದ ಕೂಲೆಂಟ್ ಹಾಕಿ. ಬೆರೆಸುವುದಾದರೆ ಡಿಸ್ಟಿಲ್ಡ್ ನೀರು.

ಪಣಂಬೂರು ಲೋಡ್:
ಇವತ್ತು ಖಾಲಿ ಮಾಡಿಸಿದೆ. ಬಂದ ನೀರಿಗೆ ಕಷಾಯದ ಬಣ್ಣ, ಅಡಿಯಲ್ಲಿ ಕೆಂಪು ಹೂಳು. ಮೂರನೇ ಸಲ ತೊಳೀತಾ ಇದ್ದೇವೆ.