ಅಪ್‌ಡೇಟ್: ಕೆಜಿಎಫ್ ಮುತ್ತಜ್ಜನ ಸುಳಿವು ಸಿಕ್ಕಿತು

ಮುತ್ತಜ್ಜ ಕೋಲಾರ ಚಿನ್ನದ ಗಣಿಯಲ್ಲಿ ಕೂಲಿಯಾಗಿದ್ದರು, ಹೆಸರು ಬಿಟ್ಟರೆ ಬೇರೇನೂ ಗೊತ್ತಿಲ್ಲ, ಎಲ್ಲಿಂದ ಹುಡುಕಲಿ ಅಂತ ಕೇಳಿದ್ದೆ. ಕಂಪನಿ ಕಡತಕ್ಕಿಂತ ಮೊದಲು ಚರ್ಚಿನ ರಿಜಿಸ್ಟರ್ ನೋಡಿ ಅಂದವರಿಗೆ ದೊಡ್ಡ ಥ್ಯಾಂಕ್ಸ್.

ಅಲ್ಲಿ ಅಜ್ಜಿಯ ಅಣ್ಣನ, ಅಂದರೆ ಮುತ್ತಜ್ಜನ ಮಗನ, ಜ್ಞಾನಸ್ನಾನದ (ಬ್ಯಾಪ್ಟಿಸಂ) ನಮೂದು ಸಿಕ್ಕಿತು. ತಂದೆಯ ಕಸುಬಿನ ಜಾಗದಲ್ಲಿ ಬರೀ ‘ಗಣಿ ಕೂಲಿ’. ಪಕ್ಕದಲ್ಲಿ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯ ಒಂದು ಲೈನಿನ (ಕೂಲಿಗಳ ಮನೆಗಳ ಸಾಲು) ವಿಳಾಸ. ಶಾಯಿ ಕಂದು ಬಣ್ಣಕ್ಕೆ ತಿರುಗಿದೆ, ಆದರೂ ಅಂಚಿನಲ್ಲಿ ಉತ್ತರ ಆರ್ಕಾಟ್ (ತಮಿಳುನಾಡಿನ ವೆಲ್ಲೂರು ಕಡೆಯ ಹಳೇ ಜಿಲ್ಲೆ) ಅಂತ ಓದಬಹುದು. ಗಣಿಗೆ ಬಂದ ಕೂಲಿಗಳಲ್ಲಿ ಆ ಕಡೆಯ ತಮಿಳು ಮಾತಾಡುವ ದಲಿತರೇ ಜಾಸ್ತಿ ಅಲ್ವಾ, ಹಾಗಾಗಿ ಆಶ್ಚರ್ಯವಾಗಲಿಲ್ಲ. ಈ ಕೂಲಿಗಳ ವಾಸ ಬಿದಿರು ತಟ್ಟಿಯ ಗುಡಿಸಲಿನಲ್ಲಿ. ಶಿವನಸಮುದ್ರದಿಂದ 1902ರಲ್ಲೇ ಗಣಿಗೆ ಕರೆಂಟು ಬಂದಿತ್ತು, ಆದರೆ ಅದು ಯಂತ್ರಗಳಿಗೆ!

ಇನ್ನೊಂದು ವಿಷಯ. ಮುತ್ತಜ್ಜ ‘ಹೆಬ್ಬೆಟ್ಟು ಒತ್ತಲ್ಲ’ ಅಂದಿದ್ದರು ಅಂತ ಅಜ್ಜಿ ಹೇಳುತ್ತಿದ್ದರು. ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ ಇಡೀ ಕೆಜಿಎಫ್‌ನಲ್ಲಿ ದೊಡ್ಡ ಮುಷ್ಕರ ನಡೆದಿತ್ತಂತೆ. ಮುತ್ತಜ್ಜ ಅದರಲ್ಲಿದ್ದರು ಅನ್ನಲು ಕಾಗದದ ಸಾಕ್ಷಿ ಇಲ್ಲ. ನಾನಂತೂ ಇದ್ದರು ಅಂತಲೇ ನಂಬುತ್ತೇನೆ.

ಗಣಿ 2001ರಲ್ಲಿ ಮುಚ್ಚಿತು, ಹಾಗಾಗಿ ಕಂಪನಿಯ ಕೂಲಿ ಲೆಕ್ಕದ ಪುಸ್ತಕ ಸಿಗುವ ಆಸೆ ಸದ್ಯಕ್ಕೆ ಬಿಟ್ಟಿದ್ದೇನೆ. ಈಗ ಬೇಕಿರುವುದು ಹುಟ್ಟೂರು. ವೆಲ್ಲೂರು ಕಡೆಯ ಹಳೇ ಚರ್ಚ್ ರಿಜಿಸ್ಟರ್ ನೋಡಿದವರು ಯಾರಾದರೂ ಇದ್ದೀರಾ?