ಅಪ್‌ಡೇಟ್: ಅಡ್ಮಿನ್‌ಗೆ ಮಾತ್ರ ತೆರೆಯುತ್ತಿದ್ದ ಸ್ಟಾಕ್ ಅಪ್ಲಿಕೇಶನ್

ಪುಣೆಯ ಹಡಪ್ಸರ್‌ನ ನಮ್ಮ ಗೋದಾಮಿನಲ್ಲಿ ಸ್ಟಾಕ್ ನೋಡುವ ವೆಬ್ ಅಪ್ಲಿಕೇಶನ್ ನನ್ನ ಅಡ್ಮಿನ್ ಲಾಗಿನ್‌ನಲ್ಲಿ ಓಡುತ್ತದೆ, ಉಳಿದವರಿಗೆ 'ಆಕ್ಸೆಸ್ ಡಿನೈಡ್' ಬರುತ್ತದೆ ಯಾಕೆ ಎಂದು ಈ ಹಿಂದೆ ಇಲ್ಲಿ ಪ್ರಶ್ನೆ ಹಾಕಿದ್ದೆ. ಕಾರಣ ಸಿಕ್ಕಿತು!

ಬ್ರೌಸರ್ ಕ್ಯಾಶ್ ಅಳಿಸಿದ್ದು, ಬ್ರೌಸರ್ ಬದಲಿಸಿದ್ದು ಎಲ್ಲಾ ಸುಮ್ನೆ ದಂಡ. ಕೊನೆಗೆ ಬೆಳಗಾವಿ ಕಡೆಯ ಗೆಳೆಯನೊಬ್ಬ ಹೇಳಿದಂತೆ, ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟುತ್ತಿದೆ ಎಂದು ಸಾಲುಸಾಲಾಗಿ ತೋರಿಸುವ, ಮೈಕ್ರೋಸಾಫ್ಟ್‌ನ ಉಚಿತ ಪ್ರೋಸೆಸ್ ಮಾನಿಟರ್ ಅನ್ನು ಸರ್ವರ್‌ನಲ್ಲೇ ಹಾಕಿದೆ. 'ಆಕ್ಸೆಸ್ ಡಿನೈಡ್' ಸಾಲುಗಳನ್ನಷ್ಟೇ ಫಿಲ್ಟರ್ ಮಾಡಿದೆ. ಪ್ರತಿ ಸಲವೂ ಒಂದೇ ಜಾಗ: ನಮ್ಮ ಅಪ್ಲಿಕೇಶನ್ ಓಡುವ ಮೈಕ್ರೋಸಾಫ್ಟ್ ವೇದಿಕೆಯಾದ ಡಾಟ್‌ನೆಟ್‌ನ 'ಟೆಂಪರರಿ ಎಎಸ್‌ಪಿ ಡಾಟ್‌ನೆಟ್ ಫೈಲ್ಸ್' ಫೋಲ್ಡರ್.

ಕಾರಣ ಇಂಪರ್ಸನೇಶನ್ ಎಂಬ ಸೆಟ್ಟಿಂಗ್. ಅದು ಆನ್ ಇದ್ದರೆ ಸರ್ವರ್ ತನ್ನ ಹೆಸರಲ್ಲಿ ಅಲ್ಲ, ಲಾಗಿನ್ ಆದವರ ಹೆಸರಲ್ಲಿ ಕೆಲಸ ಮಾಡುತ್ತದೆ. ಪುಟ ಕಂಪೈಲ್ ಆದಾಗ, ಅಂದರೆ ಅದರ ಕೋಡ್ ಓಡುವ ರೂಪಕ್ಕೆ ಬದಲಾದಾಗ, ಹುಟ್ಟುವ ಫೈಲುಗಳನ್ನು ಆ ಫೋಲ್ಡರ್‌ನಲ್ಲಿ ಬರೆಯುವ ಹಕ್ಕು ಅವರಿಗೇ ಬೇಕು. ನನಗಿತ್ತು, ಗೋದಾಮಿನವರಿಗೆ ಇರಲಿಲ್ಲ. ಅಡ್ಮಿನ್‌ಗೆ ತೊಂದರೆಯೇ ಕಾಣದು, ಅಲ್ವಾ?

'ಎಲ್ಲರಿಗೂ ಅಡ್ಮಿನ್ ಕೊಟ್ಟುಬಿಡಿ' ಎಂದವರಿಗೆ ಕೈಮುಗಿದೆ. ಒಂದು ಗೋಣಿಚೀಲಕ್ಕಾಗಿ ಇಡೀ ಗೋದಾಮಿನ ಬೀಗ ತೆಗೆದಂತೆ ಅದು. ಸಿಬ್ಬಂದಿಯ ಗ್ರೂಪಿಗೆ ಆ ಒಂದು ಫೋಲ್ಡರ್ ಮೇಲೆ ಮಾತ್ರ 'ಮಾಡಿಫೈ' (ಓದುವ, ಬರೆಯುವ, ಅಳಿಸುವ) ಹಕ್ಕು ಕೊಟ್ಟೆ. ಪೇಜ್ ತೆರೆಯಿತು. ಬೆಳಿಗ್ಗೆಯಿಂದ 'ಝಾಲಂ ಕಾ?' (ಆಯ್ತಾ?) ಎಂದು ಜೀವ ತಿಂದಿದ್ದ ಮರಾಠಿ ಸಹೋದ್ಯೋಗಿ ಚಹಾ ಕುಡಿಸಿದ.

ಎಕ್ಸೆಲ್ ರಿಪೋರ್ಟ್ ಮಾತ್ರ ಗೋದಾಮಿನವರಿಗೆ ಇನ್ನೂ ಡೌನ್‌ಲೋಡ್ ಆಗುತ್ತಿಲ್ಲ. ಸರ್ವರ್‌ನ ಟೆಂಪ್ (ತಾತ್ಕಾಲಿಕ ಫೈಲುಗಳ) ಫೋಲ್ಡರ್ ಮೇಲೆ ಅನುಮಾನವಿದೆ. ಸೋಮವಾರ ನೋಡುತ್ತೇನೆ.